ಎನ್ನಹ್ದಾ ನಿಜಕ್ಕೂ ಬದಲಾಯಿತಾ, ಇಲ್ಲಾ ಬರೀ ವೇಷವಾ?

ಪ್ರಶ್ನೆ: ಟುನೀಷಿಯಾದ ಎನ್ನಹ್ದಾ ಪಕ್ಷ 2016ರಲ್ಲಿ ‘ನಾವಿನ್ನು ರಾಜಕೀಯ ಇಸ್ಲಾಮಿನವರಲ್ಲ, ಮುಸ್ಲಿಂ ಡೆಮಾಕ್ರಾಟ್‌ಗಳು’ ಎಂದು ಘೋಷಿಸಿತು ಅಂತ ಓದಿದೆ. ನನ್ನ ರೂಮ್‌ಮೇಟ್ ಇದೆಲ್ಲ ನಾಟಕ ಅಂತಾನೆ. ಧರ್ಮದ ಹೆಸರಲ್ಲಿ ಶುರುವಾದ ಪಕ್ಷ ಇಷ್ಟು ಬದಲಾಗೋದು ಸಾಧ್ಯವಾ? ಈಗ ಆ ಪಕ್ಷ ಏನಾಗಿದೆ?

ಉತ್ತರ: ನಿಮ್ಮ ರೂಮ್‌ಮೇಟ್ ಹೇಳುತ್ತಿರುವುದು ಹೊಸ ಮಾತೇನಲ್ಲ. ಟುನೀಷಿಯಾದಲ್ಲಿ ಈ ಅನುಮಾನಕ್ಕೆ ನಲವತ್ತು ವರ್ಷ ದಾಟಿದೆ. ಅಲ್ಲಿ ಅದಕ್ಕೆ ‘ಎರಡು ನಾಲಿಗೆ’ ಅನ್ನೋ ಅರ್ಥದ ಹೆಸರೇ ಇದೆ. ಟಿವಿ ಕ್ಯಾಮೆರಾ ಮುಂದೆ ಒಂದು ಮಾತು, ಮಸೀದಿಯೊಳಗೆ ಇನ್ನೊಂದು ಅಂತ ಆರೋಪ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬದಲಾವಣೆ ನಿಜ. ಅದನ್ನು ತಂದದ್ದು ಜೈಲು, ಗಡಿಪಾರು ಮತ್ತು ಓಟಿನ ಲೆಕ್ಕ. ಪುಸ್ತಕಗಳದ್ದು ಆಮೇಲಿನ ಪಾತ್ರ. ಆದರೆ ಬದಲಾಗುತ್ತಾ ಬದಲಾಗುತ್ತಾ ಪಕ್ಷ ಎಲ್ಲಿಗೆ ಬಂತು ಅಂದರೆ, ಇದು ಯಾತಕ್ಕೆ ಇರೋ ಪಕ್ಷ ಅಂತ ಅದಕ್ಕೆ ಓಟು ಹಾಕುತ್ತಿದ್ದವರಿಗೇ ಗೊತ್ತಾಗದ ಹಾಗಾಯಿತು. ಅದನ್ನು ಬಿಡಿಸಿ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಟುನೀಷಿಯಾ ಅಂದರೆ ಅಲ್ಜೀರಿಯಾ ಮತ್ತು ಲಿಬಿಯಾ ನಡುವೆ ಸಿಕ್ಕಿಕೊಂಡ ಪುಟ್ಟ ದೇಶ. ಜನಸಂಖ್ಯೆ ಹೆಚ್ಚುಕಡಿಮೆ ನಮ್ಮ ಬೆಂಗಳೂರಿನಷ್ಟೇ, ಸುಮಾರು 1.2 ಕೋಟಿ. 1956ರಲ್ಲಿ ಫ್ರೆಂಚರಿಂದ ಸ್ವಾತಂತ್ರ್ಯ ಬಂತು. ನಾಯಕ ಹಬೀಬ್ ಬುರ್ಗೀಬಾ, ಪ್ಯಾರಿಸ್ಸಿನಲ್ಲಿ ಓದಿದ ವಕೀಲ. ಸ್ವಾತಂತ್ರ್ಯ ಬಂದು ಐದು ತಿಂಗಳಾಗಿತ್ತು ಅಷ್ಟೇ, ಅದೇ ವರ್ಷದ ಆಗಸ್ಟ್ 13ಕ್ಕೆ ಕೌಟುಂಬಿಕ ಕಾನೂನನ್ನೇ ಬುಡಮೇಲು ಮಾಡಿದರು. ಬಹುಪತ್ನಿತ್ವ ನಿಷೇಧ. ಗಂಡ ಬಾಯಲ್ಲಿ ತಲಾಕ್ ಅಂದರೆ ಆಗಲ್ಲ, ಕೋರ್ಟಿಗೆ ಹೋಗಬೇಕು. ಸಾವಿರ ವರ್ಷಕ್ಕೂ ಹಳೆಯ ಝೈತೂನಾ ಮಸೀದಿಯ ವಿದ್ಯಾಪೀಠವನ್ನು ಮುಚ್ಚಿದ ಹಾಗೇ ಮಾಡಿದರು. 1960ರ ದಶಕದಲ್ಲಿ ರಂಜಾನ್ ತಿಂಗಳ ಹಗಲು ಹೊತ್ತಲ್ಲಿ ಎಲ್ಲರೆದುರು ಒಂದು ಗ್ಲಾಸು ಕಿತ್ತಳೆ ಜ್ಯೂಸು ಕುಡಿದು, ದೇಶ ಕಟ್ಟೋದೂ ಒಂದು ಜಿಹಾದ್, ದುಡಿಯುವವರು ಉಪವಾಸ ಬಿಡಬಹುದು ಎಂದರು. ಆ ಗ್ಲಾಸಿನ ಕಥೆಯನ್ನು ಅಲ್ಲಿನವರು ಇವತ್ತಿಗೂ ಹೇಳುತ್ತಾರೆ, ಕೆಲವರು ಹೆಮ್ಮೆಯಿಂದ, ಕೆಲವರು ಹಲ್ಲು ಕಚ್ಚಿ.

ಹಲ್ಲು ಕಚ್ಚಿದವರಲ್ಲಿ ಒಬ್ಬ ರಾಶಿದ್ ಗನ್ನೂಶಿ. 1941ರಲ್ಲಿ ದಕ್ಷಿಣದ ಗಾಬೆಸ್ ಹತ್ತಿರದ ಅಲ್-ಹಮ್ಮಾ ಎಂಬ ಊರಲ್ಲಿ ರೈತನ ಮಗನಾಗಿ ಹುಟ್ಟಿದವರು. ಝೈತೂನಾದಲ್ಲಿ ಓದಿದರು. ಅಲ್ಲಿ ಓದಿದ್ದು ಅರಬ್ಬಿಯಲ್ಲಿ, ಹೊರಗೆ ಸರ್ಕಾರ ನಡೆಯೋದು ಫ್ರೆಂಚಿನಲ್ಲಿ. ಓದಿ ಮುಗಿಸಿದರೆ ಕೆಲಸ ಎಲ್ಲಿ? ಕನ್ನಡ ಮಾಧ್ಯಮದಲ್ಲಿ ಓದಿ ಬೆಂಗಳೂರಿಗೆ ಬಂದ ಹುಡುಗರಿಗೆ ಆ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. 1964ರಲ್ಲಿ ಕೃಷಿ ಓದಲು ಕೈರೋಗೆ ಹೋದರು. ಈಜಿಪ್ಟಿನ ಅಧ್ಯಕ್ಷ ನಾಸರ್ ಮತ್ತು ಬುರ್ಗೀಬಾ ಜಗಳದಲ್ಲಿ ಅಲ್ಲಿ ಉಳಿಯಲಾಗಲಿಲ್ಲ, ದಮಾಸ್ಕಸ್ಸಿಗೆ ಹೋಗಿ ತತ್ವಶಾಸ್ತ್ರ ಹಿಡಿದರು. ಆಗ ಅವರು ಅರಬ್ ರಾಷ್ಟ್ರವಾದಿ, ನಾಸರ್ ಅಭಿಮಾನಿ. 1966ರಲ್ಲಿ ಅದನ್ನು ಬಿಟ್ಟು ಧರ್ಮದ ಕಡೆ ತಿರುಗಿದರು. ಆಮೇಲೆ ಒಂದು ವರ್ಷ ಪ್ಯಾರಿಸ್, ಅಲ್ಲಿ ತಬ್ಲೀಗಿಗಳ ಒಡನಾಟ. ಊರಿಗೆ ವಾಪಸಾಗಿ ಹೈಸ್ಕೂಲಿನಲ್ಲಿ ತತ್ವಶಾಸ್ತ್ರದ ಮೇಷ್ಟ್ರು. ಪಕ್ಷದ ಮೊದಲ ಸದಸ್ಯರಲ್ಲಿ ಅವರ ಪಾಠ ಕೇಳಿದ ಹುಡುಗರೂ ಇದ್ದರು.

1970ರ ಆಸುಪಾಸಿನಲ್ಲಿ ಸೇರಿದ ಆ ಗುಂಪಿಗೆ ಇನ್ನೊಬ್ಬ ಆಧಾರ ಅಬ್ದೆಲ್‌ಫತ್ತಾಹ್ ಮೌರು ಎಂಬ ವಕೀಲ. (ಹೆಸರನ್ನು ‘ಮೂರೂ’ ಅಂತಲೇ ಉಚ್ಚರಿಸುತ್ತಾರೆ, ಕನ್ನಡದಲ್ಲಿ ಲೆಕ್ಕ ತಪ್ಪಬಾರದು ಅಂತ ಹೀಗೆ ಬರೆದೆ.) ಮಸೀದಿಗಳಲ್ಲಿ ಪಾಠ ಮಾಡೋರು, ಪತ್ರಿಕೆ ತರೋರು. ಓದುತ್ತಿದ್ದದ್ದು ಈಜಿಪ್ಟಿನ ಮುಸ್ಲಿಂ ಬ್ರದರ್‌ಹುಡ್‌ನ ಹಸನ್ ಅಲ್-ಬನ್ನಾ, ಸಯ್ಯಿದ್ ಕುತುಬ್, ಮತ್ತೆ ನಮ್ಮ ಕಡೆಯ ಮೌದೂದಿ. ನಮ್ಮ ಕಡೆ ಅಂದದ್ದು ಸುಮ್ನೆ ಅಲ್ಲ. ಜಮಾತೆ ಇಸ್ಲಾಮಿ ಕಟ್ಟಿದ ಮೌದೂದಿ 1903ರಲ್ಲಿ ಹುಟ್ಟಿದ್ದು ಔರಂಗಾಬಾದಿನಲ್ಲಿ. ಆಗ ಅದು, ಕಲಬುರಗಿ ಬೀದರ್ ರಾಯಚೂರುಗಳ ಹಾಗೇ, ನಿಜಾಮನ ಸೀಮೆ. ಈ ಹೊತ್ತಿಗೆ ಈ ಹುಡುಗರಿಗೆ ಪ್ರಜಾಪ್ರಭುತ್ವದ ತಲೆನೋವೇನೂ ಇರಲಿಲ್ಲ. ಕಾಲೇಜಿನಲ್ಲಿ ಎಡಪಂಥೀಯರ ಜೊತೆ ಹೊಡೆದಾಟ, ಊರಲ್ಲಿ ನೀತಿಪಾಠ. ಎಡದವರನ್ನು ಹದ್ದಿನಲ್ಲಿಡಲು ಇವರು ಉಪಯೋಗಕ್ಕೆ ಬರುತ್ತಾರೆ ಅಂತ ಸರ್ಕಾರವೂ ಮೊದಮೊದಲು ನೋಡಿಯೂ ನೋಡದ ಹಾಗಿತ್ತು.

ಮೊದಲ ಏಟು ಬಿದ್ದದ್ದು 1978ರಲ್ಲಿ. ಆ ವರ್ಷ ಜನವರಿ 26ರಂದು ಕಾರ್ಮಿಕರ ಸಂಘ ಇಡೀ ದೇಶ ಬಂದ್ ಮಾಡಿತು, ಸೈನ್ಯ ಗುಂಡು ಹಾರಿಸಿತು, ಬಹಳ ಜನ ಸತ್ತರು. ಧರ್ಮದ ಗುಂಪು ಮಾತ್ರ ಇದು ಕಮ್ಯುನಿಸ್ಟರ ಕೆಲಸ ಅಂತ ದೂರ ನಿಂತಿತ್ತು. ಬೀದಿಯಲ್ಲಿ ಬಡವರು ಸಾಯುತ್ತಿರುವಾಗ ನಾವು ಯಾರ ಪರ ನಿಂತಿದ್ದೆವು ಅನ್ನೋ ಪ್ರಶ್ನೆ ಆಮೇಲೆ ಅವರನ್ನು ಬಿಡದೆ ಕಾಡಿತು. ಗನ್ನೂಶಿ ಅದನ್ನು ತಪ್ಪು ಅಂತ ಒಪ್ಪಿಕೊಂಡರು. ಮರುವರ್ಷವೇ ಇರಾನಿನ ಕ್ರಾಂತಿ. ರಾಜಕೀಯಕ್ಕೆ ಇಳಿಯಲೇಬೇಕು ಅನಿಸಿತು. 1981ರ ಜೂನ್ 6ರಂದು ಪತ್ರಿಕಾಗೋಷ್ಠಿ ಕರೆದು ‘ಇಸ್ಲಾಮೀ ಒಲವಿನ ಚಳವಳಿ’ ಎಂಬ ಹೆಸರಲ್ಲಿ ಪಕ್ಷಕ್ಕೆ ಪರವಾನಗಿ ಕೇಳಿದರು. ಬೇರೆ ಪಕ್ಷಗಳೂ ಇರಲಿ, ಹಿಂಸೆ ನಮಗೆ ಬೇಡ ಅಂತ ಆ ಹೇಳಿಕೆಯಲ್ಲೇ ಇತ್ತು. ಜನ ಕಮ್ಯುನಿಸ್ಟರಿಗೆ ಓಟು ಹಾಕಿದರೆ ಆ ಸರ್ಕಾರವನ್ನೂ ಒಪ್ಪುತ್ತೇವೆ ಅಂತ ಗನ್ನೂಶಿ ಆಗಲೇ ಹೇಳಿದ್ದರು. 2016ರಲ್ಲಿ ದಿಢೀರ್ ಬಣ್ಣ ಬದಲಿಸಿದರು ಅನ್ನುವವರು ಈ 1981ನ್ನು ಮರೆತುಬಿಡುತ್ತಾರೆ.

ಸರ್ಕಾರದ ಉತ್ತರ ಒಂದೇ ತಿಂಗಳಲ್ಲಿ ಬಂತು: ಬಂಧನ, ಗನ್ನೂಶಿಗೆ 11 ವರ್ಷದ ಶಿಕ್ಷೆ. ಸರ್ಕಾರಿ ಕಚೇರಿ, ಶಾಲೆಗಳಲ್ಲಿ ಹಿಜಾಬ್ ಹಾಕಬಾರದು ಎಂಬ 108ನೇ ನಂಬರಿನ ಸುತ್ತೋಲೆ ಹೊರಟದ್ದೂ ಅದೇ ವರ್ಷ. 1984ರಲ್ಲಿ ಬ್ರೆಡ್ ಬೆಲೆ ಏರಿಕೆಯ ವಿರುದ್ಧ ಗಲಾಟೆ ಆದ ಮೇಲೆ ಬಿಡುಗಡೆ. 1987ರಲ್ಲಿ ಮತ್ತೆ ಬಂಧನ, ಈ ಸಲ ಜೀವಾವಧಿ. ಬುರ್ಗೀಬಾಗೆ ಅದೂ ಸಾಲಲಿಲ್ಲ, ಮರುವಿಚಾರಣೆ ಮಾಡಿ ಗಲ್ಲಿಗೆ ಹಾಕಿ ಅಂತ ಹಟ ಹಿಡಿದರು. ಅಷ್ಟರಲ್ಲಿ ನವೆಂಬರ್ 7ರಂದು ಪ್ರಧಾನಿ ಬೆನ್ ಅಲಿ, ವೈದ್ಯರಿಂದ ಒಂದು ಸರ್ಟಿಫಿಕೇಟ್ ಬರೆಸಿ, ಮುದುಕರಿಗೆ ಆಳುವ ಶಕ್ತಿ ಇಲ್ಲ ಅಂತ ಕೆಳಗಿಳಿಸಿದರು. ಗನ್ನೂಶಿ ತಲೆ ಉಳಿಯಿತು.

ಹೊಸ ಯಜಮಾನ ಮೊದಲು ನಗುನಗುತ್ತಾ ಬಂದರು. ಎಲ್ಲರನ್ನೂ ಬಿಟ್ಟರು, ಮಾತುಕತೆಗೆ ಕರೆದರು. ಧರ್ಮದ ಹೆಸರಿರೋ ಪಕ್ಷಕ್ಕೆ ಅವಕಾಶ ಇಲ್ಲ ಅಂತ ಕಾನೂನು ಬಂತು. ಇವರು 1989ರಲ್ಲಿ ಹೆಸರಿನಿಂದ ‘ಇಸ್ಲಾಂ’ ತೆಗೆದು ‘ಎನ್ನಹ್ದಾ’ ಎಂದಿಟ್ಟುಕೊಂಡರು. ಅಂದರೆ ಮರುಹುಟ್ಟು, ಏಳಿಗೆ. ನಮ್ಮ ಸಾಹಿತ್ಯದಲ್ಲಿ ನವೋದಯ ಅಂತೀವಲ್ಲ, ಹೆಚ್ಚುಕಡಿಮೆ ಅದೇ. ಆದರೂ ಪರವಾನಗಿ ಸಿಗಲಿಲ್ಲ. ಆ ಏಪ್ರಿಲ್ ಚುನಾವಣೆಗೆ ಪಕ್ಷೇತರರಾಗಿ ನಿಂತರು. ಸರ್ಕಾರಿ ಲೆಕ್ಕದಲ್ಲೇ ಶೇ. 14ರ ಆಸುಪಾಸು, ರಾಜಧಾನಿಯ ಕೆಲವು ಕಡೆ ಶೇ. 30ರಷ್ಟು ಓಟು ಬಂತು. ಸೀಟು? 141ಕ್ಕೆ 141ನ್ನೂ ಆಡಳಿತ ಪಕ್ಷವೇ ತೆಗೆದುಕೊಂಡಿತು. ಇಷ್ಟು ಓಟು ನೋಡಿ ಬೆನ್ ಅಲಿ ಬೆಚ್ಚಿದರು. ಗನ್ನೂಶಿ ದೇಶ ಬಿಟ್ಟು ಮೊದಲು ಅಲ್ಜೀರಿಯಾ, ಆಮೇಲೆ ಲಂಡನ್ ಸೇರಿದರು. 1991ರ ಫೆಬ್ರವರಿಯಲ್ಲಿ ರಾಜಧಾನಿ ಟ್ಯೂನಿಸ್ಸಿನ ಬಾಬ್ ಸೂಯಿಕಾದಲ್ಲಿ ಆಡಳಿತ ಪಕ್ಷದ ಕಚೇರಿಗೆ ಬೆಂಕಿ ಬಿತ್ತು, ಒಬ್ಬ ಕಾವಲುಗಾರ ಸತ್ತ. ಇದಕ್ಕೆ ಪಕ್ಷದ ಹುಡುಗರೇ ಹೊಣೆ ಅಂತ ಮೌರು ಸೇರಿ ಕೆಲವರು ಪಕ್ಷದಿಂದ ದೂರ ಸರಿದರು. ಎನ್ನಹ್ದಾ ಚರಿತ್ರೆಯಲ್ಲಿ ಇದು ಕಪ್ಪು ಚುಕ್ಕೆ, ಅದನ್ನು ಮುಚ್ಚಿಡಬಾರದು. ಆದರೆ ಸರ್ಕಾರ ಒಬ್ಬರನ್ನೂ ಬಿಡದೆ ಇಡೀ ಪಕ್ಷವನ್ನೇ ಗುಡಿಸಿ ಹಾಕಿತು. 1992ರಲ್ಲಿ ಸೈನಿಕ ಕೋರ್ಟುಗಳಲ್ಲಿ 279 ಜನರ ವಿಚಾರಣೆ, ಹತ್ತಾರು ಜೀವಾವಧಿ. ಒಟ್ಟು ಸಾವಿರಾರು ಜನ ಒಳಗೆ.

ಇಲ್ಲಿ ಒಂದು ನಿಮಿಷ ನಿಲ್ಲಿ. ನಾನು ಹೇಳಿದ ಬದಲಾವಣೆ ಶುರುವಾಗೋದು ಇಲ್ಲಿಂದಲೇ. ಹಮಾದಿ ಜಬಾಲಿ ಎಂಬಾತ, ಮುಂದೆ ಪ್ರಧಾನಿಯಾದವರು, 15 ವರ್ಷಕ್ಕೂ ಹೆಚ್ಚು ಕಾಲ ಜೈಲಲ್ಲಿದ್ದರು, ಅದರಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಒಂಟಿ ಕೋಣೆ. ಪಕ್ಷದ ಇನ್ನೊಬ್ಬ ನಾಯಕ ಅಲಿ ಲಾರಯದ್ ಕೂಡ ಹಾಗೇ. ಮನೆಯ ಹೆಂಗಸರು ಒಂದು ಜೈಲಿನಿಂದ ಇನ್ನೊಂದು ಜೈಲಿಗೆ ಅಲೆದರು. ಕೈದಿಗಳನ್ನು ಬೇಕಂತಲೇ ಊರಿಂದ ದೂರದ ಜೈಲಿಗೆ ಹಾಕುತ್ತಿದ್ದರು. ಹೆಂಗಸರ ಕೈಯಲ್ಲೊಂದು ಬುಟ್ಟಿ, ಅದರಲ್ಲಿ ಮನೆ ಊಟ. ಅದಕ್ಕೆ ಅಲ್ಲಿ ‘ಕುಫ್ಫಾ’ ಅಂತಾರೆ. ಯಾವಾಗ ಬೆನ್ ಅಲಿ ಎಡಪಂಥೀಯರನ್ನೂ ವಕೀಲರನ್ನೂ ಪತ್ರಕರ್ತರನ್ನೂ ಒಳಗೆ ಹಾಕಲು ಶುರು ಮಾಡಿದರೋ, ಇವರಿಗೆ ಗೊತ್ತಾಯಿತು: ಪೊಲೀಸ್ ರಾಜ್ಯಕ್ಕೆ ನಮಾಜು ಮಾಡುವವನೂ ಒಂದೇ, ಮಾರ್ಕ್ಸ್ ಓದುವವನೂ ಒಂದೇ. ಹಿಂದೆ ಕಾಲೇಜಿನಲ್ಲಿ ಹೊಡೆದಾಡಿಕೊಂಡವರ ಪರ ವಾದಿಸಲು ಎಡಪಂಥೀಯ ವಕೀಲರು ಬಂದರು. 2005ರ ಅಕ್ಟೋಬರ್ 18ರಂದು ಎಂಟು ಜನ ಟ್ಯೂನಿಸ್ಸಿನಲ್ಲಿ ಉಪವಾಸ ಕೂತರು. ಅದೇ ಹೊತ್ತಿಗೆ ವಿಶ್ವಸಂಸ್ಥೆಯ ಮಾಹಿತಿ ಸಮಾಜ ಶೃಂಗಸಭೆ ಅಲ್ಲೇ ನಡೆಯಲಿತ್ತು, ಜಗತ್ತಿನ ಕ್ಯಾಮೆರಾ ಎಲ್ಲ ಅಲ್ಲೇ. ಆ ಉಪವಾಸದಿಂದ ಹುಟ್ಟಿದ ಒಕ್ಕೂಟದಲ್ಲಿ ಕಮ್ಯುನಿಸ್ಟ್ ಹಮ್ಮಾ ಹಮ್ಮಾಮಿಯವರ ಪಕ್ಷವೂ ಇತ್ತು, ಎನ್ನಹ್ದಾವೂ ಇತ್ತು. ಹೆಣ್ಣು ಗಂಡು ಸಮಾನತೆ, ನಂಬಿಕೆಯ ಸ್ವಾತಂತ್ರ್ಯ, ಧರ್ಮ ಮತ್ತು ರಾಜ್ಯದ ಸಂಬಂಧ, ಹೀಗೆ ಒಂದೊಂದಕ್ಕೂ ಕೂತು ಒಪ್ಪಂದದ ಪತ್ರ ಬರೆದರು. ಬುರ್ಗೀಬಾ ತಂದ 1956ರ ಕಾನೂನನ್ನು ಎನ್ನಹ್ದಾ ಒಪ್ಪಿತು. ಅಧಿಕಾರ ಕನಸಿನಲ್ಲೂ ಕಾಣದ ಕಾಲ ಅದು. ನಾಟಕ ಆಡಲು ಆಗ ಪ್ರೇಕ್ಷಕರೇ ಇರಲಿಲ್ಲ. ನಿಮ್ಮ ರೂಮ್‌ಮೇಟ್‌ಗೆ ನಾನು ಕೊಡುವ ಮುಖ್ಯ ಉತ್ತರ ಇದೇ.

ಸರಿ, 2010ರ ಡಿಸೆಂಬರ್ 17, ಸೀದಿ ಬೂಝೀದಿನ ತಳ್ಳುಗಾಡಿ ವ್ಯಾಪಾರಿ ಮುಹಮ್ಮದ್ ಬುಅಝೀಝಿ ಮೈಗೆ ಬೆಂಕಿ ಹಚ್ಚಿಕೊಂಡದ್ದು, 2011ರ ಜನವರಿ 14ಕ್ಕೆ ಬೆನ್ ಅಲಿ ವಿಮಾನ ಹತ್ತಿದ್ದು ನಿಮಗೆ ಗೊತ್ತಿರುತ್ತದೆ. ಆ ದಂಗೆಯನ್ನು ಎನ್ನಹ್ದಾ ಮಾಡಿದ್ದಲ್ಲ. ಕೆಲಸ ಇಲ್ಲದ ಹುಡುಗರು ಮಾಡಿದ್ದು. ಗನ್ನೂಶಿ ಜನವರಿ 30ಕ್ಕೆ ಲಂಡನ್‌ನಿಂದ ಬಂದಿಳಿದರು, ಮಾರ್ಚಿನಲ್ಲಿ ಪಕ್ಷಕ್ಕೆ ಮೊದಲ ಸಲ ಪರವಾನಗಿ ಸಿಕ್ಕಿತು, ಅಕ್ಟೋಬರ್ 23ರ ಸಂವಿಧಾನ ಸಭೆಯ ಚುನಾವಣೆಯಲ್ಲಿ ಶೇ. 37 ಓಟು, 217ರಲ್ಲಿ 89 ಸೀಟು.

ಈ ಚುನಾವಣೆಯಲ್ಲಿ ಒಂದು ತಮಾಷೆ ನಡೆಯಿತು. ಪ್ರತಿ ಪಕ್ಷದ ಪಟ್ಟಿಯಲ್ಲೂ ಒಬ್ಬ ಗಂಡು, ಒಬ್ಬ ಹೆಣ್ಣು, ಹೀಗೆ ಒಂದು ಬಿಟ್ಟು ಒಂದು ಇರಲೇಬೇಕು ಅಂತ ನಿಯಮ. ‘ಪ್ರಗತಿಪರ’ ಪಕ್ಷಗಳೆಲ್ಲ ಸಾಮಾನ್ಯವಾಗಿ ಗಂಡಸಿನ ಹೆಸರನ್ನೇ ಮೇಲಿಟ್ಟವು. ಚಿಕ್ಕ ಪಕ್ಷಗಳಿಗೆ ಒಂದು ಕ್ಷೇತ್ರದಲ್ಲಿ ಸಿಗೋದೇ ಒಂದು ಸೀಟು, ಅದು ಮೇಲಿನ ಹೆಸರಿಗೆ ಹೋಗುತ್ತದೆ. ಎರಡನೇ ಹೆಸರಿನ ಹೆಣ್ಣುಮಗಳು ಮನೆಗೆ. ಎನ್ನಹ್ದಾಗೆ ಪ್ರತಿ ಕ್ಷೇತ್ರದಲ್ಲೂ ಎರಡು ಮೂರು ಸೀಟು ಬಂದದ್ದರಿಂದ ಅದರ ಹೆಂಗಸರು ಗೆದ್ದರು. ಸಭೆಗೆ ಬಂದ 49 ಮಹಿಳೆಯರಲ್ಲಿ 40ಕ್ಕೂ ಹೆಚ್ಚು ಜನ ಎನ್ನಹ್ದಾದವರು! ಇದರಿಂದ ಪಕ್ಷ ಸ್ತ್ರೀವಾದಿ ಆಗಿಬಿಡಲ್ಲ, ನಿಜ. ಆದರೆ ಮೆಹರ್ಝಿಯಾ ಲಬೀದಿ ಎಂಬ ಹಿಜಾಬಿನ ಹೆಣ್ಣುಮಗಳು ಸಂವಿಧಾನ ಸಭೆಯ ಉಪಾಧ್ಯಕ್ಷೆಯಾಗಿ ಗಂಡಸರ ಗಲಾಟೆಯನ್ನು ಗದರಿಸಿ ನಿಲ್ಲಿಸುವುದನ್ನು ದೇಶ ಟಿವಿಯಲ್ಲಿ ನೋಡಿತು. ಮುಂದೆ 2018ರಲ್ಲಿ ಇದೇ ಪಕ್ಷದ ಸುಆದ್ ಅಬ್ದುರ್ರಹೀಂ, ಈಕೆ ತಲೆಗೆ ಬಟ್ಟೆ ಹಾಕುವವರಲ್ಲ, ಟ್ಯೂನಿಸ್ ನಗರದ ಮೊದಲ ಮಹಿಳಾ ಮೇಯರ್ ಆದರು.

ಸಂವಿಧಾನ ಬರೆಯುವಾಗ ನಡೆದ ಜಗ್ಗಾಟ ನನ್ನ ಮಟ್ಟಿಗೆ ಈ ಇಡೀ ಕಥೆಯ ಹೃದಯ. ಸಿದ್ಧಾಂತ ಅನ್ನೋದು ಒಂದೊಂದು ಪದದ ಮೇಲೆ ಹೇಗೆ ಬದಲಾಗುತ್ತದೆ ಅಂತ ಅಲ್ಲಿ ಕಣ್ಣಾರೆ ಕಾಣುತ್ತದೆ. ಮೊದಲ ಪ್ರಶ್ನೆ, ಶರೀಅತ್ ಎಂಬ ಪದ ಇರಬೇಕಾ? 2012ರ ಮಾರ್ಚಿನಲ್ಲಿ ಸಭೆಯ ಮುಂದೆ ಸಾವಿರಾರು ಜನ ಶರೀಅತ್ ಬೇಕು ಅಂತ ಕೂಗಿದರು, ಅದರಲ್ಲಿ ಎನ್ನಹ್ದಾ ಓಟುದಾರರೂ ಇದ್ದರು. ಕೆಲವೇ ದಿನದಲ್ಲಿ ಪಕ್ಷ ‘ಬೇಡ’ ಎಂದಿತು. 1959ರ ಹಳೇ ಸಂವಿಧಾನದ ಮೊದಲ ವಿಧಿ ಸಾಕು. ಅದರಲ್ಲಿ ಏನಿದೆ ಅಂದರೆ: ಟುನೀಷಿಯಾ ಸ್ವತಂತ್ರ ಸಾರ್ವಭೌಮ ರಾಜ್ಯ, ಅದರ ಧರ್ಮ ಇಸ್ಲಾಂ, ಭಾಷೆ ಅರಬ್ಬಿ. ಈ ‘ಅದರ’ ಅಂದರೆ ಯಾವುದರ? ದೇಶದ್ದಾ, ರಾಜ್ಯದ್ದಾ? ಜನರ ಧರ್ಮ ಇಸ್ಲಾಂ ಅಂತ ಸೆಕ್ಯುಲರ್‌ನವರು ಓದಬಹುದು, ಸರ್ಕಾರದ ಧರ್ಮವೇ ಇಸ್ಲಾಂ ಅಂತ ಮುಲ್ಲಾಗಳು ಓದಬಹುದು. ಒಂದು ಸರ್ವನಾಮದ ಮೇಲೆ ಇಡೀ ದೇಶ ಕೂತಿತ್ತು ಅಂದರೆ ತಪ್ಪಿಲ್ಲ.

ಎರಡನೇ ಪದದಲ್ಲಿ ಎನ್ನಹ್ದಾ ಎಡವಿತು. 2012ರ ಆಗಸ್ಟಿನ ಕರಡಿನಲ್ಲಿ ಹೆಣ್ಣು ಮತ್ತು ಗಂಡು ಕುಟುಂಬದೊಳಗೆ ಒಬ್ಬರಿಗೊಬ್ಬರು ‘ಪೂರಕ’ ಅಂತ ಬರೆದರು. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ‘ಸಮಾನ’ ಅನ್ನೋ ಜಾಗಕ್ಕೆ ‘ಪೂರಕ’ ಬಂದಿದೆ ಅಂತ ಹೆಂಗಸರಿಗೆ ತಕ್ಷಣ ಗೊತ್ತಾಯಿತು. ಆಗಸ್ಟ್ 13, ಅಂದರೆ ಬುರ್ಗೀಬಾ ಕಾನೂನಿನ ವಾರ್ಷಿಕ ದಿನವೇ, ಸಾವಿರಾರು ಜನ ಬೀದಿಗಿಳಿದರು. ಪದ ಹೋಯಿತು.

ಮೂರನೆಯದು ಇನ್ನೂ ಸ್ವಾರಸ್ಯ. 2014ರ ಜನವರಿ, ವಿಧಿ ವಿಧಿಯಾಗಿ ಓಟು ನಡೆಯುತ್ತಿದೆ. ಎನ್ನಹ್ದಾದ ಕಟ್ಟರ್ ಸದಸ್ಯ ಹಬೀಬ್ ಅಲ್ಲೂಝ್, ಎಡಪಂಥದ ಮೊಂಜಿ ರಹೂಯಿಯನ್ನು ಇಸ್ಲಾಮಿನ ಶತ್ರು ಅನ್ನೋ ಅರ್ಥದ ಮಾತಾಡಿದರು. ರಹೂಯಿಗೆ ಕೊಲೆ ಬೆದರಿಕೆ ಬಂತು. ಅದು ಬಾಯಿ ಮಾತಿನ ಬೆದರಿಕೆ ಅಂತ ತಳ್ಳಿಹಾಕುವ ಕಾಲ ಅಲ್ಲ, ರಹೂಯಿಯ ಪಕ್ಷದ ನಾಯಕ ಶುಕ್ರಿ ಬಲಈದ್ 2013ರ ಫೆಬ್ರವರಿಯಲ್ಲಿ ಮನೆ ಮುಂದೆಯೇ ಗುಂಡೇಟಿಗೆ ಬಲಿಯಾಗಿದ್ದರು. ಅದರ ಫಲವಾಗಿ 6ನೇ ವಿಧಿಗೆ ಒಂದು ಸಾಲು ಸೇರಿತು: ಯಾರನ್ನೂ ಕಾಫಿರ್ ಎಂದು ಘೋಷಿಸುವುದು ನಿಷಿದ್ಧ. ಅದೇ ವಿಧಿಯಲ್ಲಿ ಆತ್ಮಸಾಕ್ಷಿಯ ಸ್ವಾತಂತ್ರ್ಯವೂ ಇತ್ತು. ಎನ್ನಹ್ದಾ ತನ್ನವನೊಬ್ಬನ ನಾಲಿಗೆಗೆ ತಾನೇ ಓಟು ಹಾಕಿ ಕಡಿವಾಣ ಹಾಕಿತು. ಜನವರಿ 26ರಂದು, ಹೌದು, ನಮ್ಮ ಗಣರಾಜ್ಯೋತ್ಸವದ ದಿನವೇ, ಇಡೀ ಸಂವಿಧಾನ 216ರಲ್ಲಿ 200 ಓಟಿನಿಂದ ಪಾಸಾಯಿತು.

ಎಲ್ಲ ಒಳ್ಳೆಯದನ್ನೇ ಹೇಳಿದರೆ ನಿಮ್ಮ ರೂಮ್‌ಮೇಟ್ ಒಪ್ಪಲ್ಲ, ಒಪ್ಪಲೂ ಬಾರದು. ಜಬಾಲಿ 2011ರಲ್ಲಿ ಗೆದ್ದ ಖುಷಿಯಲ್ಲಿ ಇದು ‘ಆರನೇ ಖಿಲಾಫತ್’, ಅಂದರೆ ಖಲೀಫರ ಆಳ್ವಿಕೆ, ಅಂದುಬಿಟ್ಟರು. 2012ರಲ್ಲಿ ಒಂದು ವಿಡಿಯೋ ಬಯಲಾಯಿತು. ಗನ್ನೂಶಿ ಸಲಫಿಗಳಿಗೆ, ಅಂದರೆ ಕಟ್ಟರ್ ಧಾರ್ಮಿಕರಿಗೆ, ಪೊಲೀಸು ಸೈನ್ಯ ಇನ್ನೂ ನಮ್ಮ ಕೈಲಿಲ್ಲ, ತಾಳ್ಮೆ ಇರಲಿ, ಶಾಲೆ ಸಂಘ ಕಟ್ಟಿಕೊಳ್ಳಿ ಅಂತ ಬುದ್ಧಿ ಹೇಳುತ್ತಿದ್ದರು. ಹುಡುಗರನ್ನು ಸಮಾಧಾನ ಮಾಡಲು ಹೇಳಿದೆ ಅಂತ ಸಮಜಾಯಿಷಿ ಕೊಟ್ಟರು. ನನಗೆ ಆ ಸಮಜಾಯಿಷಿ ಅರ್ಧ ಮಾತ್ರ ಒಪ್ಪಿಗೆ. ಅದೇ ಸೆಪ್ಟೆಂಬರಿನಲ್ಲಿ ಅಮೆರಿಕದ ರಾಯಭಾರ ಕಚೇರಿ ಮೇಲೆ ದಾಳಿ ಆಯಿತು. ಅನ್ಸಾರ್ ಅಲ್-ಶರೀಆ ಎಂಬ ಗುಂಪನ್ನು ಭಯೋತ್ಪಾದಕರು ಎಂದು ಘೋಷಿಸಲು ಸರ್ಕಾರಕ್ಕೆ 2013ರ ಆಗಸ್ಟ್ ಬೇಕಾಯಿತು, ಅಷ್ಟರಲ್ಲಿ ಬಲಈದ್ ಮತ್ತು ಮುಹಮ್ಮದ್ ಬ್ರಾಹ್ಮಿ ಎಂಬ ಇಬ್ಬರು ಎಡ ನಾಯಕರ ಕೊಲೆ ನಡೆದುಹೋಗಿತ್ತು. ಇನ್ನೊಂದು, 2012ರ ನವೆಂಬರಿನಲ್ಲಿ ಸಿಲಿಯಾನಾ ಊರಲ್ಲಿ ಕೆಲಸ ಕೇಳಿ ಬೀದಿಗಿಳಿದವರ ಮೇಲೆ ಪೊಲೀಸರು ಚರೆ ಗುಂಡು ಹಾರಿಸಿದರು. ಎಷ್ಟೋ ಹುಡುಗರ ಕಣ್ಣು ಹೋಯಿತು. ಆಗ ಗೃಹಮಂತ್ರಿ ಯಾರು? ಅದೇ ಪೊಲೀಸರ ಕೈಯಲ್ಲಿ ಚಿತ್ರಹಿಂಸೆ ಅನುಭವಿಸಿದ್ದ ಅಲಿ ಲಾರಯದ್.

2013ರ ಜುಲೈನಲ್ಲಿ ಈಜಿಪ್ಟಿನ ಸೈನ್ಯ ಬ್ರದರ್‌ಹುಡ್‌ನ ಅಧ್ಯಕ್ಷ ಮುರ್ಸಿಯನ್ನು ಇಳಿಸಿತು. ಟ್ಯೂನಿಸ್ಸಿನಲ್ಲಿ ಪಾರ್ಲಿಮೆಂಟ್ ಇರುವ ಬಾರ್ದೋದಲ್ಲಿ ಎನ್ನಹ್ದಾ ಸರ್ಕಾರದ ವಿರುದ್ಧ ಧರಣಿ ಶುರುವಾಯಿತು. ಗನ್ನೂಶಿಗೆ ಗೋಡೆಯ ಮೇಲಿನ ಬರಹ ಓದಲು ಹೊತ್ತು ಹಿಡಿಯಲಿಲ್ಲ. ಆಗಸ್ಟಿನಲ್ಲಿ ಪ್ಯಾರಿಸ್ಸಿಗೆ ಹೋಗಿ ತಮ್ಮ ಕಡು ವಿರೋಧಿ, ಬುರ್ಗೀಬಾ ಕಾಲದ ಮಂತ್ರಿ ಬೇಜಿ ಕಾಯಿದ್ ಎಸ್ಸೆಬ್ಸಿಯನ್ನು ಕಂಡರು. ಎನ್ನಹ್ದಾ ಸರ್ಕಾರ ಬಿಟ್ಟುಕೊಟ್ಟಿತು. ಹಳೇ ಆಡಳಿತದವರನ್ನು ಚುನಾವಣೆಯಿಂದ ಹೊರಗಿಡುವ ಪ್ರಸ್ತಾಪ 2014ರಲ್ಲಿ ಒಂದೇ ಒಂದು ಓಟಿನಿಂದ ಬಿದ್ದುಹೋಯಿತು. 109 ಬೇಕಿತ್ತು, 108 ಬಂತು. ಎನ್ನಹ್ದಾದ ಕೆಲವರನ್ನು ನಾಯಕರೇ ತಡೆದಿದ್ದರು. ತಮ್ಮನ್ನು ಜೈಲಿಗೆ ಹಾಕಿದವರಿಗೇ ಬಾಗಿಲು ತೆರೆದದ್ದು ಅದು. ಆ ವರ್ಷ ಎಸ್ಸೆಬ್ಸಿ ಪಕ್ಷ ಗೆದ್ದಿತು, ಎನ್ನಹ್ದಾ 69 ಸೀಟಿನೊಂದಿಗೆ ಎರಡನೆಯದಾಗಿ ಅವರ ಸರ್ಕಾರಕ್ಕೇ ಸೇರಿಕೊಂಡಿತು.

ಈಗ ನೀವು ಕೇಳಿದ 2016. ಆ ಮೇ ತಿಂಗಳ ಹತ್ತನೇ ಮಹಾಸಭೆಯ ಉದ್ಘಾಟನೆಗೆ ಅಧ್ಯಕ್ಷ ಎಸ್ಸೆಬ್ಸಿಯೇ ಅತಿಥಿ. ನಿರ್ಧಾರ ಏನಂದರೆ, ಪಕ್ಷ ಇನ್ನು ರಾಜಕೀಯ ಮಾತ್ರ ಮಾಡುತ್ತದೆ, ಧರ್ಮಪ್ರಚಾರ ಬೇರೆ ಸಂಘಗಳ ಕೆಲಸ. ಪಕ್ಷದ ಪದಾಧಿಕಾರಿ ಮಸೀದಿಯಲ್ಲಿ ಪ್ರವಚನ ಕೊಡೋ ಹಾಗಿಲ್ಲ, ಧರ್ಮದ ಸಂಸ್ಥೆಗಳ ಅಧ್ಯಕ್ಷನಾಗೋ ಹಾಗಿಲ್ಲ. ಯುರೋಪಿನಲ್ಲಿ ಕ್ರಿಶ್ಚಿಯನ್ ಡೆಮಾಕ್ರಾಟ್‌ಗಳು ಇರುವ ಹಾಗೆ ನಾವು ಮುಸ್ಲಿಂ ಡೆಮಾಕ್ರಾಟ್‌ಗಳು ಎಂದರು ಗನ್ನೂಶಿ. ಅವರ ವಾದ ಸರಳ. ರಾಜಕೀಯ ಇಸ್ಲಾಂ ಹುಟ್ಟಿದ್ದು ಸರ್ವಾಧಿಕಾರಿಗಳು ಧರ್ಮವನ್ನು ತುಳಿದಾಗ. ಈಗ ಸಂವಿಧಾನವೇ ಧರ್ಮದ ಸ್ವಾತಂತ್ರ್ಯ ಕಾಯುತ್ತದೆ, ಅದಕ್ಕೊಂದು ಪಕ್ಷ ಯಾಕೆ? ಮರುವರ್ಷ ಅವರು ನೀಲಿ ಸೂಟು, ಟೈ ಕಟ್ಟಿ ಟಿವಿಗೆ ಬಂದರು. ಅಲ್ಲಿವರೆಗೂ ಟೈ ಮುಟ್ಟದ ಮನುಷ್ಯ. ದೇಶದಲ್ಲಿ ಒಂದು ವಾರ ಆ ಟೈಯದ್ದೇ ಮಾತು.

ಆದರೆ ಎಲ್ಲದಕ್ಕೂ ತಲೆಯಾಡಿಸಲಿಲ್ಲ. 2018ರ ಆಗಸ್ಟಿನಲ್ಲಿ ಎಸ್ಸೆಬ್ಸಿ, ಗಂಡು ಹೆಣ್ಣಿಗೆ ಆಸ್ತಿಯಲ್ಲಿ ಸಮಪಾಲು ಅಂತ ಕಾನೂನು ತರಲು ಹೊರಟಾಗ ಎನ್ನಹ್ದಾ ಬೇಡ ಎಂದಿತು, ಯಾರಿಗೆ ಎಷ್ಟು ಪಾಲು ಅಂತ ಕುರಾನ್ ಸ್ಪಷ್ಟವಾಗಿ ಹೇಳಿದೆ ಅಂತ. ಬದಲಾವಣೆಯ ಗೆರೆ ಎಲ್ಲಿ ನಿಂತಿತು ಅಂತ ತಿಳಿಯಬೇಕಾದರೆ ಅದನ್ನು ನೋಡಿ.

ಇನ್ನು ಬೆಲೆಯ ವಿಚಾರ. ಮೂರು ಸಂಖ್ಯೆ ಕೊಡುತ್ತೇನೆ. 2011ರಲ್ಲಿ ಎನ್ನಹ್ದಾಗೆ ಬಿದ್ದ ಓಟು ಸುಮಾರು 15 ಲಕ್ಷ. 2014ರಲ್ಲಿ ಒಂಬತ್ತೂವರೆ ಲಕ್ಷ. 2019ರಲ್ಲಿ ಐದೂವರೆ ಲಕ್ಷದ ಆಸುಪಾಸು. ಎಂಟು ವರ್ಷದಲ್ಲಿ ಹತ್ತಿರ ಹತ್ತಿರ ಮೂರನೇ ಎರಡು ಭಾಗ ಸೋರಿಹೋಯಿತು. ಧರ್ಮಕ್ಕಾಗಿ ಬಂದವರು ಶರೀಅತ್ ಬಿಟ್ಟಿರಿ ಅಂತ ಹೋದರು. ಕ್ರಾಂತಿಗಾಗಿ ಬಂದವರು ಹಳೇ ಕಳ್ಳರ ಜೊತೆ ಕೂತಿರಿ ಅಂತ ಹೋದರು. ಭ್ರಷ್ಟ ಅಧಿಕಾರಿಗಳಿಗೆ ಮಾಫಿ ಕೊಡುವ 2017ರ ಕಾನೂನಿಗೆ ಪಕ್ಷ ಕೈ ಎತ್ತಿತ್ತು. ಸೆಕ್ಯುಲರ್‌ನವರು ಯಾವತ್ತೂ ನಂಬಿರಲೇ ಇಲ್ಲ. ಕೆಲಸ? ಸೀದಿ ಬೂಝೀದ್, ಕಸ್ಸರೀನಿನ ಹುಡುಗರು 2010ರಲ್ಲಿ ಹೇಗಿದ್ದರೋ ಹಾಗೇ ಟೀ ಅಂಗಡಿ ಮುಂದೆ ಕೂತಿದ್ದರು. ಆರ್ಥಿಕ ನೀತಿ ಅಂತ ಎನ್ನಹ್ದಾ ಹತ್ತಿರ ತನ್ನದೇ ಆದದ್ದು ಏನೂ ಇರಲಿಲ್ಲ, ಐಎಂಎಫ್ ಸಾಲದ ಷರತ್ತೇ ನೀತಿ. ಇಷ್ಟು ವರ್ಷ ಧರ್ಮ ಮತ್ತು ರಾಜ್ಯದ ಬಗ್ಗೆ ಯೋಚಿಸಿದವರು ಅನ್ನ ಮತ್ತು ರಾಜ್ಯದ ಬಗ್ಗೆ ಅಷ್ಟೇ ಯೋಚಿಸಿರಲಿಲ್ಲ. ನನ್ನ ದೂರು ಅದೇ.

2019ರಲ್ಲಿ ದೇಶದ ಅಧ್ಯಕ್ಷ ಸ್ಥಾನಕ್ಕೆ ನಿಂತ, ಅಷ್ಟರಲ್ಲಿ ಪಕ್ಷಕ್ಕೆ ವಾಪಸಾಗಿದ್ದ ಮೌರು ಮೂರನೇ ಸ್ಥಾನಕ್ಕೆ ಬಿದ್ದರು. ಕೊನೇ ಸುತ್ತಿನಲ್ಲಿ ಎನ್ನಹ್ದಾ ಬೆಂಬಲ ಕೊಟ್ಟದ್ದು ಕೈಸ್ ಸಯೀದ್ ಎಂಬ ಕಾನೂನು ಮೇಷ್ಟ್ರಿಗೆ. ಕೊಟ್ಟ ಕೈಯನ್ನೇ ಅವರು ಕಡಿದರು ಅಂತ ಆಮೇಲೆ ಗೊತ್ತಾಗುತ್ತದೆ. ಪಾರ್ಲಿಮೆಂಟಿನಲ್ಲಿ 52 ಸೀಟಷ್ಟೇ. ಗನ್ನೂಶಿ ಸ್ಪೀಕರ್ ಆಗಲು, ಚುನಾವಣೆಯಲ್ಲಿ ಭ್ರಷ್ಟ ಅಂತ ಬೈದಿದ್ದ ನಬೀಲ್ ಕರೂಯಿಯ ಪಕ್ಷದ ಓಟನ್ನೇ ಪಡೆದರು. 2020ರಲ್ಲಿ ಪಕ್ಷದ ನೂರು ಜನ, ಇನ್ನೊಂದು ಸಲ ಪಕ್ಷದ ಅಧ್ಯಕ್ಷರಾಗಬೇಡಿ ಅಂತ ಅವರಿಗೆ ಪತ್ರ ಬರೆದರು. ದೇಶಕ್ಕೆಲ್ಲ ಪ್ರಜಾಪ್ರಭುತ್ವ ಬೋಧಿಸಿದ ಯಜಮಾನರಿಗೆ ಮನೆಯೊಳಗಿನದು ಕೇಳಿಸಲಿಲ್ಲ.

2021ರ ಜುಲೈ 25. ಕೋವಿಡ್‌ನಿಂದ ಜನ ಕಂಗಾಲು, ಊರೂರಲ್ಲಿ ಪ್ರತಿಭಟನೆ, ಕೆಲವು ಕಡೆ ಎನ್ನಹ್ದಾ ಕಚೇರಿಗೇ ನುಗ್ಗಿದರು. ರಾತ್ರಿ ಅಧ್ಯಕ್ಷ ಸಯೀದ್ ಪಾರ್ಲಿಮೆಂಟನ್ನು ಅಮಾನತು ಮಾಡಿದರು. ಬೆಳಗಾಗುವ ಮೊದಲೇ ಎಂಬತ್ತು ವರ್ಷದ ಗನ್ನೂಶಿ ಕಾರಿನಲ್ಲಿ ಬಾರ್ದೋಗೆ ಬಂದರು. ಗೇಟಿಗೆ ಬೀಗ, ಒಳಗೆ ಸೈನಿಕರು. ಜೊತೆಗಿದ್ದ ಉಪಸ್ಪೀಕರ್ ಸಮೀರಾ ಶವಾಶಿ ಸರಳಿನ ಆಚೆಗಿದ್ದ ಸೈನಿಕನಿಗೆ, ಸಂವಿಧಾನ ಕಾಯುತ್ತೇವೆ ಅಂತ ನಾವು ಪ್ರಮಾಣ ಮಾಡಿದವರು ಅಂದರು. ನಾವು ದೇಶ ಕಾಯುತ್ತೇವೆ ಅಂತ ಪ್ರಮಾಣ ಮಾಡಿದವರು ಅಂತ ಒಳಗಿಂದ ಉತ್ತರ ಬಂತು. ಗೇಟು ತೆರೆಯಲಿಲ್ಲ. ಜನ ಬರುತ್ತಾರೆ ಅಂತ ಕಾದರು. ನೂರಾರು ಬಂದರು, ಸಾವಿರಾರು ಬರಲಿಲ್ಲ. ಹಿಂದಿನ ರಾತ್ರಿ ಹಾರ್ನ್ ಹೊಡೆದು ಕುಣಿದವರೇ ಜಾಸ್ತಿ. ಎರಡು ತಿಂಗಳಲ್ಲಿ ಪಕ್ಷದ 113 ಜನ ಒಟ್ಟಿಗೆ ರಾಜೀನಾಮೆ ಕೊಟ್ಟರು.

ಸಯೀದ್ 2022ರಲ್ಲಿ ಹೊಸ ಸಂವಿಧಾನ ತಂದರು. ಅದರ 5ನೇ ವಿಧಿ ಓದಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಟುನೀಷಿಯಾ ಇಸ್ಲಾಮೀ ಉಮ್ಮತ್ತಿನ (ಜಗತ್ತಿನ ಮುಸ್ಲಿಮರ ಸಮುದಾಯದ) ಭಾಗ, ಇಸ್ಲಾಮಿನ ಉದ್ದೇಶಗಳನ್ನು ಸಾಧಿಸುವ ಕೆಲಸ ರಾಜ್ಯದ್ದು, ರಾಜ್ಯದ್ದು ಮಾತ್ರ ಅಂತ ಅಲ್ಲಿದೆ. ಎನ್ನಹ್ದಾ ಹತ್ತು ವರ್ಷ ಬೈಸಿಕೊಂಡು ಬಿಟ್ಟುಕೊಟ್ಟದ್ದನ್ನು, ಎನ್ನಹ್ದಾವನ್ನು ಒದ್ದು ಹಾಕಿದವರು ಹಿತ್ತಲ ಬಾಗಿಲಿಂದ ಒಳಗೆ ತಂದರು.

ಈಗ ಪಕ್ಷ ಏನಾಗಿದೆ ಅಂತ ಕೇಳಿದಿರಿ. 2023ರ ಏಪ್ರಿಲ್ 17, ರಂಜಾನ್, ಉಪವಾಸ ಬಿಡುವ ಹೊತ್ತಿಗೆ ಪೊಲೀಸರು ಗನ್ನೂಶಿ ಮನೆಗೆ ಬಂದರು. ಅದಕ್ಕೆ ಸ್ವಲ್ಪ ಮುಂಚೆ ಅವರು, ರಾಜಕೀಯ ಇಸ್ಲಾಮನ್ನಾಗಲಿ ಎಡವನ್ನಾಗಲಿ ಹೊರಗಿಟ್ಟು ಟುನೀಷಿಯಾ ಕಟ್ಟಲು ಹೋದರೆ ಅಂತರ್ಯುದ್ಧಕ್ಕೆ ದಾರಿ ಎಂದಿದ್ದರು. ಮರುದಿನ ಪಕ್ಷದ ಕೇಂದ್ರ ಕಚೇರಿಗೆ ಬೀಗ. ಒಂದರ ಮೇಲೊಂದು ಕೇಸು. 2025ರ ಫೆಬ್ರವರಿಯಲ್ಲಿ ಒಂದರಲ್ಲೇ 22 ವರ್ಷ. ಲಾರಯದ್‌ಗೆ ಅದೇ ವರ್ಷ 34 ವರ್ಷ. ಇವರ ಜೊತೆಗೇ ಎಡದವರು, ಲಿಬರಲ್‌ಗಳು, ವಕೀಲರು, ಪತ್ರಕರ್ತರೂ ಒಳಗಿದ್ದಾರೆ. ಅವರಲ್ಲಿ ಕೆಲವರು 2021ರ ಜುಲೈನಲ್ಲಿ, ಸದ್ಯ ಎನ್ನಹ್ದಾ ಹೋಯಿತಲ್ಲ ಅಂತ ಸಮಾಧಾನಪಟ್ಟಿದ್ದವರು. ಮನೆಯವರು ಮತ್ತೆ ಕುಫ್ಫಾ ತುಂಬಿಸಿಕೊಂಡು ಜೈಲಿನ ಗೇಟಿನ ಮುಂದೆ ಸಾಲು ನಿಲ್ಲುತ್ತಾರೆ, ಹಿಜಾಬ್ ಹಾಕಿದವರು, ಹಾಕದವರು, ಒಂದೇ ಸಾಲಿನಲ್ಲಿ.